ಕರಾವಳಿಯಲ್ಲಿ ಕುದುರೆ: ಗೊರಸು ಎತ್ತುವ ಮೊದಲು ಟೇಪು ಹಿಡಿಯಿರಿ

ಪಣಂಬೂರು, ಮಲ್ಪೆಯ ಮರಳಿನಲ್ಲಿ ಸವಾರಿಗೆ ನಿಲ್ಲುವ ಪೋನಿ ಎಂಬ ಸಣ್ಣ ಕುದುರೆಯಿರಲಿ, ತೋಟದ ಮನೆಯಲ್ಲಿ ಹವ್ಯಾಸಕ್ಕೆ ಸಾಕಿದ ಮಾರ್ವಾಡಿ ತಳಿಯಿರಲಿ, ರೇಸಿನ ಆಯುಷ್ಯ ಮುಗಿಸಿ ಘಟ್ಟ ಇಳಿದು ಬಂದ ಥರೋಬ್ರೆಡ್ ತಳಿಯಿರಲಿ, ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಕುಂಟಿತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಮಳೆಗೆ ಗೊರಸು ಕೊಳೆಯಿತು. ಇದು ಅರ್ಧ ಸತ್ಯ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಸುರಿದು, ಅದರಲ್ಲಿ ಬಹುಪಾಲನ್ನು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಮುಗಿಸುವ ಮಳೆ ಗೊರಸನ್ನು ಮೆದು ಮಾಡುವುದು ನಿಜ. ಆದರೆ ಆ ಮೆದು ಗೊರಸಿನ ಮೇಲೆ ಎಷ್ಟು ಭಾರ ಕೂರಬೇಕು ಎಂಬುದು ಗೋದಲಿಯಲ್ಲಿ ತೀರ್ಮಾನವಾಗುತ್ತದೆ. ನೆಲ ಮತ್ತು ಗೋದಲಿ ಎರಡನ್ನೂ ಒಟ್ಟಿಗೆ ನೋಡದೆ ಬರೀ ಮುಲಾಮು ಬಳಿದರೆ ಮುಂದಿನ ಮಳೆಗೆ ಅದೇ ಕಾಲು, ಅದೇ ಕುಂಟು.

ತೂಕ ತಿಳಿಯುವುದು ಹೇಗೆ

ದರ್ಜಿಯ 150 ಸೆಂ.ಮೀ. ಟೇಪು ಸಾಲದು. ಬಟ್ಟೆಯದೋ ಫೈಬರಿನದೋ 3 ಮೀಟರ್ ಟೇಪು ತನ್ನಿ. ಉಕ್ಕಿನ ಟೇಪು ಬೇಡ, ಅದರ ಸದ್ದಿಗೇ ಕೆಲವು ಕುದುರೆ ಬೆಚ್ಚುತ್ತವೆ. ಕುದುರೆಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಾಲ್ಕೂ ಕಾಲು ಸರಿಯಾಗಿ ಊರಿ ನಿಲ್ಲಿಸಿ.

ಮೊದಲನೆಯದು ಎದೆಯ ಸುತ್ತಳತೆ. ಹೆಗಲಿನ ಉಬ್ಬಿನ ಸರಿ ಹಿಂದಿನಿಂದ ಟೇಪು ಇಳಿಸಿ, ಮೊಣಕೈಯ ಹಿಂದಿನಿಂದ ಸುತ್ತಿ ತನ್ನಿ. ಕುದುರೆ ಉಸಿರು ಬಿಟ್ಟಾಗ ಓದಿ. ಟೇಪು ಚರ್ಮಕ್ಕೆ ತಾಗಿರಬೇಕು, ಕಚ್ಚಬಾರದು. ಎರಡನೆಯದು ಮೈಯ ಉದ್ದ: ಎದೆಯ ಮುಂಭಾಗದಲ್ಲಿ ಚಾಚಿಕೊಂಡಿರುವ ಭುಜದ ಮೂಳೆಯ ತುದಿಯಿಂದ ಪೃಷ್ಠದ ಮೂಳೆಯ ತುದಿವರೆಗೆ, ಒಂದೇ ಮಗ್ಗುಲಲ್ಲಿ. ಇದಕ್ಕೆ ಇನ್ನೊಬ್ಬರ ಕೈ ಬೇಕು.

ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಎಲ್ಲ ಸೆಂ.ಮೀ.ನಲ್ಲಿ ಅಳೆದಿದ್ದರೆ ಉತ್ತರ ಕಿಲೋದಲ್ಲಿ ಬರುತ್ತದೆ. ಸುತ್ತಳತೆ 185, ಉದ್ದ 165 ಇರುವ ಥರೋಬ್ರೆಡ್ ಸುಮಾರು 475 ಕಿಲೋ. 165 ಮತ್ತು 145 ಇರುವ ಮಾರ್ವಾಡಿ ಸುಮಾರು 332. 140 ಮತ್ತು 122 ಇರುವ ಪೋನಿ ಸುಮಾರು 200. ಸುತ್ತಳತೆ ಎರಡು ಸಲ ಗುಣಾಕಾರಕ್ಕೆ ಬರುವುದರಿಂದ ತಪ್ಪೂ ದುಪ್ಪಟ್ಟಾಗುತ್ತದೆ: ಅದೇ ಥರೋಬ್ರೆಡ್ಡಿಗೆ 185ರ ಬದಲು 190 ಎಂದು ಓದಿದರೆ ತೂಕ 501ಕ್ಕೆ ಜಿಗಿಯುತ್ತದೆ. ಹಾಗಾಗಿ ಮೂರು ಸಲ ಅಳೆದು ಸರಾಸರಿ ತೆಗೆದುಕೊಳ್ಳಿ. ಗಬ್ಬದ ಹೆಣ್ಣು ಕುದುರೆಗೆ ಮತ್ತು ಎರಡು ವರ್ಷದೊಳಗಿನ ಮರಿಗೆ ಈ ಲೆಕ್ಕ ಕೂಡುವುದಿಲ್ಲ.

ನಿಖರ ತೂಕವೇ ಬೇಕೆಂದರೆ ಲಾರಿ ತೂಗುವ ವೇಬ್ರಿಜ್‌ಗೆ ಹೋಗಿ. ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶಗಳ ಸುತ್ತ ಇವು ಸಿಗುತ್ತವೆ. ಕುದುರೆ ಇರುವ ಟೆಂಪೋ ಒಮ್ಮೆ, ಖಾಲಿ ಟೆಂಪೋ ಒಮ್ಮೆ. ಎರಡೂ ಸಲ ಚಾಲಕ ಒಳಗೇ ಇರಬೇಕು ಅಥವಾ ಎರಡೂ ಸಲ ಹೊರಗೇ ಇರಬೇಕು. ವರ್ಷಕ್ಕೊಮ್ಮೆ ಹೀಗೆ ತೂಗಿ, ನಿಮ್ಮ ಟೇಪಿನ ಲೆಕ್ಕ ಎಷ್ಟು ಹೆಚ್ಚುಕಡಿಮೆ ತೋರಿಸುತ್ತದೆ ಎಂದು ಬರೆದಿಟ್ಟರೆ ಉಳಿದ ತಿಂಗಳಿಗೆ ಟೇಪೇ ಸಾಕು. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಮೇವಿಗೆ ಮುಂಚೆ, ಒಬ್ಬರೇ ಅಳೆಯಿರಿ.

ತೂಕವೊಂದೇ ಸಾಲದು, ಮೈಯ ಸ್ಥಿತಿಯನ್ನೂ ಮುಟ್ಟಿ ನೋಡಬೇಕು. 1983ರಲ್ಲಿ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಹೆನೆಕೆ ತಂಡ ರೂಪಿಸಿದ 1ರಿಂದ 9ರ ಅಳತೆ ಈಗ ಎಲ್ಲೆಡೆ ಚಾಲ್ತಿಯಲ್ಲಿದೆ. ಕುತ್ತಿಗೆ, ಹೆಗಲ ಉಬ್ಬು, ಭುಜದ ಹಿಂಭಾಗ, ಪಕ್ಕೆಲುಬು, ಸೊಂಟ, ಬಾಲದ ಬುಡ ಎಂಬ ಆರು ಕಡೆ ಕೈಯಿಂದ ಒತ್ತಿ ನೋಡುವುದು ಕ್ರಮ. ಪಕ್ಕೆಲುಬು ಕಣ್ಣಿಗೆ ಕಾಣದೆ, ಕೈಗೆ ಸುಲಭವಾಗಿ ಸಿಕ್ಕರೆ 5. ಒತ್ತಿ ಹುಡುಕಬೇಕಾದರೆ 7. ಕಣ್ಣಿಂದ ಹೇಳಬೇಡಿ, ಚಳಿಗಾಲದ ಕೂದಲು ಇಲ್ಲಿ ಸಮಸ್ಯೆಯಲ್ಲ, ಆದರೆ ಹಸಿಹುಲ್ಲು ತಿಂದು ಉಬ್ಬಿದ ಹೊಟ್ಟೆ ಎಂಥವರನ್ನೂ ಮೋಸಗೊಳಿಸುತ್ತದೆ. ಹೊಟ್ಟೆ ದೊಡ್ಡದಾಗಿ ಬೆನ್ನು ಬತ್ತಿದ ಕುದುರೆ ಕೊಬ್ಬಿದ ಕುದುರೆಯಲ್ಲ.

ಗೊರಸಿನ ಪಾಲಿಗೆ ಬರುವ ಭಾರ

ನಿಂತ ಕುದುರೆಯ ತೂಕದಲ್ಲಿ ಸುಮಾರು ಶೇ 60 ಭಾಗ ಮುಂಗಾಲುಗಳ ಮೇಲಿರುತ್ತದೆ. ನಾಗಾಲೋಟದಲ್ಲಿ ಒಂದೇ ಮುಂಗಾಲಿಗೆ ಮೈತೂಕದ ಸುಮಾರು ಎರಡೂವರೆ ಪಟ್ಟು ಬಲ ಬೀಳುತ್ತದೆ. ಮುಂಗಾಲಿನ ಗೊರಸೇ ಮೊದಲು ಸೋಲುವುದು ಇದರಿಂದ.

ಗೊರಸು ಮೈಗೆ ತಕ್ಕಷ್ಟು ದೊಡ್ಡದಿದೆಯೇ ಎಂದು ನೋಡಲು ಲಾಳ ಕಟ್ಟುವವರೂ ಪಶುವೈದ್ಯರೂ ಬಳಸುವ ಒಂದು ಲೆಕ್ಕವಿದೆ. ಮುಂಗಾಲಿನ ಗೊರಸಿನ ಮೇಲಂಚಿನಲ್ಲಿ, ಕೂದಲು ಮುಗಿಯುವ ಗೆರೆಯ ಸರಿ ಕೆಳಗೆ, ಟೇಪು ಸುತ್ತಿ ಅಳೆಯಿರಿ. ಮೈತೂಕವನ್ನು 12.57ರಿಂದ ಗುಣಿಸಿ, ಗೊರಸಿನ ಸುತ್ತಳತೆಯ ವರ್ಗದಿಂದ ಭಾಗಿಸಿ. ಉತ್ತರ 5.5ರ ಒಳಗಿದ್ದರೆ ಒಳ್ಳೆಯದು. ಇದು ಗೊರಸಿನ ಮೇಲೆ ನಿಜವಾಗಿ ಬೀಳುವ ಒತ್ತಡವಲ್ಲ, ಒಂದು ಕುದುರೆಯನ್ನು ಇನ್ನೊಂದಕ್ಕೆ ಹೋಲಿಸುವ ಸೂಚ್ಯಂಕ ಮಾತ್ರ.

ಮೇಲಿನ 475 ಕಿಲೋ ಥರೋಬ್ರೆಡ್ಡಿನ ಗೊರಸು 33 ಸೆಂ.ಮೀ. ಇದ್ದರೆ ಉತ್ತರ 5.48, ಅಂದರೆ ಗಡಿಯಲ್ಲೇ ನಿಂತಿದೆ. ಅದೇ ಕುದುರೆ 500 ಕಿಲೋಗೆ ಏರಿದರೆ 5.77. ಗೊರಸು ಬೆಳೆದು ಅಗಲವಾಗುವುದಿಲ್ಲ; 25 ಕಿಲೋ ಇಳಿಸುವುದೊಂದೇ ದಾರಿ. 332 ಕಿಲೋ ಮಾರ್ವಾಡಿಗೆ 30 ಸೆಂ.ಮೀ. ಗೊರಸಿದ್ದರೆ 4.64, ನಿಶ್ಚಿಂತೆ. 26 ಸೆಂ.ಮೀ. ಗೊರಸಿನ ಪೋನಿ 200 ಕಿಲೋದಿಂದ 250ಕ್ಕೆ ಏರಿದರೂ ಉತ್ತರ 4.65ರಲ್ಲೇ ನಿಲ್ಲುತ್ತದೆ. ಇಲ್ಲೇ ಎಚ್ಚರ ಬೇಕು. ಪೋನಿಗೆ ಈ ಲೆಕ್ಕ ಸುಳ್ಳು ಧೈರ್ಯ ಕೊಡುತ್ತದೆ. ಕೊಬ್ಬಿದ ಪೋನಿಯ ಗೊರಸು ಹಾಳಾಗುವುದು ಭಾರದಿಂದಲ್ಲ, ರಕ್ತದಲ್ಲಿ ಏರಿದ ಇನ್ಸುಲಿನ್ನಿಂದ; ಮುಂದೆ ಹೇಳುವ ಲ್ಯಾಮಿನೈಟಿಸ್‌ಗೆ ಅದೇ ದಾರಿ.

ತಳಿ ನೋಡಿ ಜಾಗ್ರತೆ

ಥರೋಬ್ರೆಡ್ 450ರಿಂದ 550 ಕಿಲೋ ತೂಗುತ್ತದೆ. ಗೊರಸಿನ ಹೊರಗೋಡೆ ತೆಳು, ಅಂಗಾಲು ಚಪ್ಪಟೆ, ಹಿಮ್ಮಡಿ ತಗ್ಗು, ಗೊರಸಿನ ಮುಂತುದಿ ಉದ್ದ: ರೇಸಿನಿಂದ ಬಂದ ಹೆಚ್ಚಿನವುಗಳ ಚಿತ್ರ ಇದು. ಲಾಳ ಬಿಚ್ಚಿದ ಮರುದಿನವೇ ಮುರಕಲ್ಲಿನ ಚೂರು ಹರಡಿದ ದಾರಿಯಲ್ಲಿ ನಡೆಸಿದರೆ ಅಂಗಾಲು ಜಜ್ಜುತ್ತದೆ. ಬರಿಗಾಲಿಗೆ ಒಗ್ಗಿಸುವುದಾದರೆ ಬೇಸಗೆಯಲ್ಲಿ ಶುರು ಮಾಡಿ, ಮಳೆಗಾಲದಲ್ಲಲ್ಲ.

ಮಾರ್ವಾಡಿ, ಕಾಠಿಯಾವಾಡಿ ಒಣ ನಾಡಿನ ತಳಿಗಳು. ಹೆಚ್ಚಿನವು 300ರಿಂದ 420 ಕಿಲೋದೊಳಗೆ. ಗೊರಸು ಕಿರಿದು, ಗಟ್ಟಿ, ನೆಟ್ಟಗೆ. ಈ ಗಟ್ಟಿತನ ನಮ್ಮ ತೇವಕ್ಕೆ ಬಂದಾಗ ಬೇರೆ ತೊಂದರೆ ಕೊಡುತ್ತದೆ: ಹಿಮ್ಮಡಿ ಇಕ್ಕಟ್ಟಾಗಿರುವುದರಿಂದ ನಡುವಿನ ಸೀಳು ಆಳವಾಗಿ, ಗಾಳಿಯಾಡದೆ, ಅಲ್ಲೇ ಕೊಳೆತ ಕೂರುತ್ತದೆ. ಹೊರಗಿನಿಂದ ಗೊರಸು ಚೆಂದ ಕಾಣುತ್ತದೆ, ಒಳಗೆ ಬೆರಳು ಹೋಗುವಷ್ಟು ಬಿರುಕು.

ಅರಬ್ಬಿ ಕುದುರೆಗೆ 360ರಿಂದ 450 ಕಿಲೋ; ಗೊರಸಿನ ವಿಷಯದಲ್ಲಿ ಇವು ಹೆಚ್ಚು ಗೋಳು ಕೊಡುವುದಿಲ್ಲ. ಮಣಿಪುರಿ ಮತ್ತು ಇತರ ಪೋನಿಗಳು, ಮಿಶ್ರ ತಳಿಯ ಸಣ್ಣ ಕುದುರೆಗಳು ಕಲ್ಲಿನಂಥ ಗೊರಸಿನವು, ಆದರೆ ತಿಂದದ್ದೆಲ್ಲ ಮೈಗೆ ಹತ್ತುವ ಜಾತಿ. ಒಂದೇ ಲಾಯದಲ್ಲಿ ಥರೋಬ್ರೆಡ್ ಮತ್ತು ಪೋನಿಗೆ ಒಂದೇ ಡಬ್ಬದಲ್ಲಿ ಕಾಳು ಅಳೆಯುವ ಅಭ್ಯಾಸ ಪೋನಿಗೆ ಮಾರಕ.

ಸವಾರನ ತೂಕವೂ ಇದರಲ್ಲೇ ಸೇರಬೇಕು. ಜೀನು ಸಮೇತ ಮೈತೂಕದ ಶೇ 20 ಮೀರಬಾರದು ಎಂಬುದು ರೂಢಿಯ ಮಿತಿ. ನಮ್ಮ ಏಪ್ರಿಲ್ ಸೆಕೆಯಲ್ಲಿ, ಮೆದು ಮರಳಿನಲ್ಲಿ, ಶೇ 15ಕ್ಕೆ ನಿಲ್ಲಿಸುವುದು ಮೇಲು. 200 ಕಿಲೋ ಪೋನಿಗೆ ಶೇ 20 ಎಂದರೆ 40 ಕಿಲೋ. ಅದರ ಮೇಲೆ ದೊಡ್ಡವರನ್ನು ಕೂರಿಸುವ ಪ್ರಶ್ನೆಯೇ ಬರುವುದಿಲ್ಲ.

ಗೋದಲಿ

ಕುದುರೆಗೆ ದಿನಕ್ಕೆ ಮೈತೂಕದ ಶೇ 1.5ರಿಂದ 2.5ರಷ್ಟು ಒಣ ಪದಾರ್ಥ, ಅಂದರೆ ಮೇವಿನ ನೀರಿನಂಶ ಕಳೆದು ಉಳಿಯುವ ಭಾಗ, ಬೇಕು, ಅದರಲ್ಲಿ ಬಹುಪಾಲು ಹುಲ್ಲಿನಿಂದ. 400 ಕಿಲೋ ಕುದುರೆಗೆ ಶೇ 2 ಎಂದರೆ 8 ಕಿಲೋ ಒಣ ಪದಾರ್ಥ. ಒಣಹುಲ್ಲಿನಲ್ಲಿ ಶೇ 90 ಒಣ ಪದಾರ್ಥವಿದ್ದರೆ ಹಸಿಹುಲ್ಲಿನಲ್ಲಿ ಶೇ 20, ಜಡಿಮಳೆಯಲ್ಲಿ ಕೊಯ್ದ ನೇಪಿಯರ್ ಎಂಬ ಮೇವಿನ ಹುಲ್ಲಿನಲ್ಲಿ ಇನ್ನೂ ಕಡಿಮೆ. ಅಂದರೆ 5 ಕಿಲೋ ಒಣಹುಲ್ಲಿನ ಜೊತೆ 17-18 ಕಿಲೋ ಹಸಿಹುಲ್ಲು ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಜುಲೈಯಲ್ಲಿ ಹೊರೆ ಹೊರೆ ಹುಲ್ಲು ಹಾಕಿಯೂ ಕುದುರೆ ಬತ್ತುವುದೇಕೆ ಎಂದರೆ ಅದು ತಿನ್ನುತ್ತಿರುವುದು ಬಹುಪಾಲು ನೀರು.

ನೇಪಿಯರ್ ಬಗ್ಗೆ ಇನ್ನೂ ಹೇಳಬೇಕು. ಇಲ್ಲಿನ ಹಾಲಿನ ಸೊಸೈಟಿಯ ಊರುಗಳಲ್ಲೆಲ್ಲ ಸಿಗುವುದು ಇದೇ. ಹಸುವಿಗೆ ಒಳ್ಳೆಯ ಮೇವು. ಆದರೆ ಇದರಲ್ಲಿ, ಅದರಲ್ಲೂ ಎಳೆಯ ಹುಲ್ಲಿನಲ್ಲಿ, ಆಕ್ಸಲೇಟ್ ಎಂಬ ರಾಸಾಯನಿಕ ಹೆಚ್ಚು. ಅದು ಕ್ಯಾಲ್ಸಿಯಮ್ಮನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆಯುತ್ತವೆ. ಕುದುರೆಗೆ ಆ ಅನುಕೂಲ ಕಡಿಮೆ. ಇದರ ಮೇಲೆ ಗೋಧಿ ಬೂಸಾ ಸುರಿದರೆ ಕೇಡು ಪೂರ್ತಿಯಾಗುತ್ತದೆ, ಏಕೆಂದರೆ ಬೂಸಾದಲ್ಲಿ ರಂಜಕ ಕ್ಯಾಲ್ಸಿಯಮ್ಮಿನ ಹಲವು ಪಟ್ಟು. ದೇಹ ಮೂಳೆಯಿಂದ ಕ್ಯಾಲ್ಸಿಯಂ ಕೀಳತೊಡಗುತ್ತದೆ. ಮುಖದ ಮೂಳೆ ಊದುತ್ತದೆ, ಕಾಲು ಬದಲಿಸಿ ಬದಲಿಸಿ ಕುಂಟುತ್ತದೆ, ಕಾರಣ ಗೊರಸಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಪರಿಹಾರ ದುಬಾರಿಯಲ್ಲ: ಹುಲ್ಲಿನಲ್ಲಿ ಅರ್ಧದಷ್ಟಾದರೂ ಬೇರೆ ಜಾತಿಯದಿರಲಿ, ದಿನಕ್ಕೆ 1-2 ಕಿಲೋ ಒಣ ಲೂಸರ್ನ್ ಎಂಬ ಮೇವಿನ ಸೊಪ್ಪು ಸೇರಿಸಿ, ಬೂಸಾ ಕೊಡಲೇಬೇಕೆಂದರೆ ಪ್ರತಿ ಕಿಲೋಗೆ 40 ಗ್ರಾಂ ಮೇವಿನ ದರ್ಜೆಯ ಸುಣ್ಣಕಲ್ಲಿನ ಪುಡಿ ಬೆರೆಸಿ. ಎಲೆಯಡಿಕೆಯ ಸುಣ್ಣವಲ್ಲ, ಅದು ಬಾಯಿ ಸುಡುತ್ತದೆ. ಅಕ್ಕಿ ತೌಡಿಗೂ ಇದೇ ಎಚ್ಚರ ಬೇಕು. ಜೊತೆಗೆ ಅದರ ಎಣ್ಣೆ ಕೆಲವೇ ದಿನದಲ್ಲಿ ಕಮಟುತ್ತದೆ.

ಬೈಹುಲ್ಲು ಹೊಟ್ಟೆ ತುಂಬಿಸುತ್ತದೆ, ಅಷ್ಟೇ. ಅದನ್ನೇ ನೆಚ್ಚಿದರೆ ಮಲ ಗಟ್ಟಿಯಾಗಿ ಹೊಟ್ಟೆನೋವು ಬರುತ್ತದೆ. ಕೊಬ್ಬಿದ ಕುದುರೆಗೆ ಬಾಯಾಡಿಸಲು ದಿನಕ್ಕೆ ಒಂದೆರಡು ಕಿಲೋ ಕೊಡಬಹುದು.

ಕಾಳನ್ನು ಡಬ್ಬದಲ್ಲಿ ಅಳೆಯಬೇಡಿ, ತಕ್ಕಡಿಯಲ್ಲಿ ತೂಗಿ. ಒಂದು ಲೀಟರ್ ಡಬ್ಬದಲ್ಲಿ ಓಟ್ಸ್ ಅರ್ಧ ಕಿಲೋ ಹಿಡಿದರೆ ಹುರುಳಿ ಮುಕ್ಕಾಲು ಕಿಲೋಗೂ ಹೆಚ್ಚು ಹಿಡಿಯುತ್ತದೆ. ಒಂದು ಹೊತ್ತಿಗೆ ಪ್ರತಿ 100 ಕಿಲೋ ಮೈತೂಕಕ್ಕೆ 300 ಗ್ರಾಂ ಕಾಳು ದಾಟದಿರಲಿ. ಹೆಚ್ಚು ಬೇಕಾದರೆ ಹೊತ್ತು ಹೆಚ್ಚಿಸಿ. ದುಡಿಮೆಯಿಲ್ಲದ ಪೋನಿಗೆ ಕಾಳೇ ಬೇಡ. ಕುಚ್ಚಲಕ್ಕಿ ಗಂಜಿ, ಹಲಸಿನ ಸೊಳೆ, ಬೆಲ್ಲ ಪ್ರೀತಿಯಿಂದ ತಿನ್ನಿಸುವವರು ಎಲ್ಲ ಮನೆಯಲ್ಲೂ ಇರುತ್ತಾರೆ. ಅವರಿಗೆ ಲಾಯದ ಬಾಗಿಲಲ್ಲೇ ಬೇಡವೆನ್ನಿ.

ಬತ್ತಿದ ಕುದುರೆಗೆ ಮೈ ತರಿಸಲು ಇಲ್ಲಿ ಸುಲಭವಾಗಿ ಸಿಗುವ ಒಳ್ಳೆಯ ವಸ್ತು ಕೊಬ್ಬರಿ ಹಿಂಡಿ. ಪಿಷ್ಟ, ಸಕ್ಕರೆ ಕಡಿಮೆ, ಸುಮಾರು ಶೇ 20 ಪ್ರೋಟೀನ್, ಗಾಣದಲ್ಲಿ ಉಳಿದ ಎಣ್ಣೆಯೂ ಇರುತ್ತದೆ. 200 ಗ್ರಾಂನಿಂದ ಶುರು ಮಾಡಿ, ಹತ್ತು ದಿನದಲ್ಲಿ ಒಂದು ಕಿಲೋವರೆಗೆ ಏರಿಸಿ, ನೀರಿನಲ್ಲಿ ನೆನೆಸಿ ಕೊಡಿ. ಮಳೆಗಾಲದಲ್ಲಿ ಎರಡು ವಾರಕ್ಕಿಂತ ಹೆಚ್ಚಿನ ದಾಸ್ತಾನು ಬೇಡ. ಬೂಸ್ಟು ಹಿಡಿದ ಹಿಂಡಿ, ಅದರಲ್ಲೂ ನೆಲಗಡಲೆ ಹಿಂಡಿ, ಯಕೃತ್ತಿಗೆ ವಿಷ. ಕೋಳಿ ಆಹಾರ ಅಪ್ಪಿತಪ್ಪಿಯೂ ಬೀಳಬಾರದು. ಅದರಲ್ಲಿ ಬೆರೆಸುವ ಮೊನೆನ್ಸಿನ್‌ನಂಥ ಔಷಧ ಸ್ವಲ್ಪ ಹೊಟ್ಟೆಗೆ ಹೋದರೂ ಕುದುರೆಯ ಹೃದಯ ನಿಲ್ಲಬಹುದು.

ಇಷ್ಟು ಕೊಟ್ಟೂ ತೂಕ ಏರದಿದ್ದರೆ ಮೇವು ಹೆಚ್ಚಿಸುವ ಬದಲು ಹಲ್ಲು ನೋಡಿಸಿ, ಲದ್ದಿಯ ಹುಳದ ಪರೀಕ್ಷೆ ಮಾಡಿಸಿ. ಕಚ್ಚುವ ನೊಣ ಹೆಚ್ಚಾಗುವ ಮಳೆಯ ಹಿಂದುಮುಂದಿನ ದಿನಗಳಲ್ಲಿ ಬಿಟ್ಟುಬಿಟ್ಟು ಜ್ವರ ಬಂದು, ಹೊಟ್ಟೆಯಡಿ, ಕಾಲು ಊದಿಕೊಂಡರೆ ಸರ್ರಾ ಎಂಬ ರಕ್ತದ ರೋಗಕ್ಕೂ ಪರೀಕ್ಷೆ ಬೇಕು. ಕೊಬ್ಬಿದ ಕುದುರೆಗೆ ಮಾತ್ರ ಉಪವಾಸ ಹಾಕಬೇಡಿ. ಒಣ ಪದಾರ್ಥವನ್ನು ಮೈತೂಕದ ಶೇ 1.5ಕ್ಕೆ ಇಳಿಸಿ, ಒಣಹುಲ್ಲನ್ನು ಒಂದು ಗಂಟೆ ನೆನೆಸಿ ಸಕ್ಕರೆ ಸೋಸಿದ ನೀರು ಚೆಲ್ಲಿ ಕೊಡಿ. ಪೋನಿಯನ್ನು ಒಮ್ಮೆಗೇ ಹಸಿವಿಗೆ ಬಿಟ್ಟರೆ ಕೊಬ್ಬು ರಕ್ತಕ್ಕೆ ನುಗ್ಗಿ ಸಾವೂ ಆಗುತ್ತದೆ.

ಗೊರಸಿಗೆಂದು ಮಾರುವ ಪುಡಿಗಳಲ್ಲಿ ಕೆಲಸ ಮಾಡುವುದು ಬಯೋಟಿನ್ ಎಂಬ ಜೀವಸತ್ವ: ದೊಡ್ಡ ಕುದುರೆಗೆ ದಿನಕ್ಕೆ 20 ಮಿ.ಗ್ರಾಂ. ಗೊರಸು ತಿಂಗಳಿಗೆ 6ರಿಂದ 10 ಮಿ.ಮೀ. ಮಾತ್ರ ಬೆಳೆಯುತ್ತದೆ, ಮೇಲಂಚಿನಲ್ಲಿ ಹುಟ್ಟಿದ ಹೊಸ ಗೋಡೆ ಮುಂತುದಿಯ ನೆಲ ಮುಟ್ಟಲು 9ರಿಂದ 12 ತಿಂಗಳು. ಎರಡು ತಿಂಗಳು ಕೊಟ್ಟು ಪ್ರಯೋಜನವಿಲ್ಲವೆಂದು ನಿಲ್ಲಿಸುವವರು ಆ ದುಡ್ಡನ್ನು ಹುಲ್ಲಿಗೆ ಹಾಕುವುದು ವಾಸಿ.

ಗೊರಸು ಬಿಸಿಯಾದರೆ

ಲ್ಯಾಮಿನೈಟಿಸ್ ಎಂದರೆ ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಡುವ ಪದರ ಉರಿಗೊಂಡು ಬಿಡಿಸಿಕೊಳ್ಳುವುದು. ಕುದುರೆ ಮುಂಗಾಲು ಮುಂದೆ ಚಾಚಿ, ಭಾರವನ್ನು ಹಿಂದಕ್ಕೆ ಹಾಕಿ ನಿಲ್ಲುತ್ತದೆ. ತಿರುಗಿಸಿದರೆ ಮುಲುಗುತ್ತದೆ. ಗೊರಸು ಬಿಸಿ. ಗೊರಸಿನ ಮೇಲಿನ ಗಿಣ್ಣಿನ ಹಿಂಭಾಗದ ಎರಡೂ ಬದಿಗೆ ಬೆರಳಿಟ್ಟರೆ ನಾಡಿ ಕುಟ್ಟುವುದು ಸ್ಪಷ್ಟವಾಗಿ ಸಿಗುತ್ತದೆ. ಆರೋಗ್ಯವಂತ ಕುದುರೆಯಲ್ಲಿ ಈ ನಾಡಿಯನ್ನು ಹುಡುಕಬೇಕಾಗುತ್ತದೆ; ನಿಮ್ಮ ಕುದುರೆ ಚೆನ್ನಾಗಿರುವಾಗಲೇ ಅದನ್ನು ಹುಡುಕಿ ಅಭ್ಯಾಸ ಮಾಡಿಕೊಳ್ಳಿ.

ಕಾಳಿನ ಚೀಲಕ್ಕೆ ಕುದುರೆ ಬಾಯಿ ಹಾಕಿ ಹೊಟ್ಟೆ ಬಿರಿಯೆ ತಿಂದಿದ್ದರೆ ಕುಂಟುವವರೆಗೆ ಕಾಯಬೇಡಿ. ವೈದ್ಯರಿಗೆ ಫೋನ್ ಮಾಡಿ, ಐಸಿಗೆ ಜನ ಕಳಿಸಿ. ಈ ಒಂದು ವಿಷಯದಲ್ಲಿ ಕರಾವಳಿ ಪುಣ್ಯವಂತ ಜಾಗ: ಮಲ್ಪೆ ಬಂದರಿನಲ್ಲೂ ಮಂಗಳೂರಿನ ದಕ್ಕೆಯಲ್ಲೂ ಮೀನಿಗೆಂದು ಪುಡಿ ಮಾಡಿದ ಐಸ್ ಸಿಗುತ್ತದೆ. ಎತ್ತರದ ಬಕೆಟ್ಟಿನಲ್ಲೋ ದಪ್ಪ ಪ್ಲಾಸ್ಟಿಕ್ ಚೀಲದಲ್ಲೋ ಐಸು-ನೀರು ತುಂಬಿ, ಗೊರಸಿನಿಂದ ಮೊಣಕಾಲಿನ ಕೆಳಗಿನವರೆಗೆ ಮುಳುಗಿಸಿಡಿ. ಬಿಟ್ಟುಬಿಟ್ಟು ಇಟ್ಟರೆ ಫಲವಿಲ್ಲ. 48 ಗಂಟೆ ಎಡೆಬಿಡದೆ ತಂಪಿರಬೇಕು. ನಿಲ್ಲುವ ಜಾಗಕ್ಕೆ ಒಂದಡಿ ಒಣ ಮರದ ಪುಡಿಯೋ ಮರಳೋ ಹಾಸಿ. ನಡೆಸಬೇಡಿ. ನೋವಿನ ಔಷಧ ವೈದ್ಯರೇ ಕೊಡಲಿ. ಮನೆಯಲ್ಲಿರುವ ಡೈಕ್ಲೋಫೆನಾಕ್ ಬೇಡ, ಪ್ರಾಣಿಗಳಿಗೆ ಅದರ ಬಳಕೆ ಭಾರತದಲ್ಲಿ 2006ರಿಂದಲೇ ನಿಷಿದ್ಧ.

ಹಳೆಯ ಲ್ಯಾಮಿನೈಟಿಸ್ ಗೊರಸಿನ ಮೇಲೆ ಬರೆದಿರುತ್ತದೆ. ಗೋಡೆಯ ಸುತ್ತ ಬರುವ ಬಳೆಗಳು ಮುಂತುದಿಯಲ್ಲಿ ಒತ್ತೊತ್ತಾಗಿ, ಹಿಮ್ಮಡಿಯ ಕಡೆಗೆ ಅಗಲವಾಗಿ ಹರಡಿದ್ದರೆ, ಅಂಗಾಲಿನ ಬಿಳಿ ಗೆರೆ ಹಿಗ್ಗಿದ್ದರೆ, ಕೊಳ್ಳುವ ಮೊದಲು ಎಕ್ಸ್‌ರೇ ತೆಗೆಸಿ.

ನೆಲ

ಹಟ್ಟಿಗೆ ಸೊಪ್ಪು ಹಾಸಿ, ಸೆಗಣಿ-ಗಂಜಳ ಅದರಲ್ಲೇ ಸೇರಿಸಿ ಗೊಬ್ಬರ ಮಾಡುವುದು ನಮ್ಮ ಕಡೆಯ ಕ್ರಮ. ತೋಟಕ್ಕೆ ಅದು ಬಂಗಾರ, ಕುದುರೆಯ ಗೊರಸಿಗೆ ಹಾಳು. ಗಂಜಳದ ಅಮೋನಿಯ ಗೊರಸಿನ ಕೊಂಬಿನಂಥ ಗಟ್ಟಿ ಪದರವನ್ನು ಕರಗಿಸುತ್ತದೆ. ಲಾಯದ ನೆಲ ಕಾಂಕ್ರೀಟೇ ಇರಲಿ, ಒರಟಾಗಿರಲಿ, ಮೀಟರಿಗೆ 1ರಿಂದ 2 ಸೆಂ.ಮೀ. ಇಳಿಜಾರು ಇರಲಿ, ಮೇಲೆ ರಬ್ಬರ್ ಮ್ಯಾಟ್, ಅದರ ಮೇಲೆ ಮರದ ಮಿಲ್ಲಿನ ಒಣ ಹೊಟ್ಟು. ತೆಂಗಿನ ನಾರಿನ ಪುಡಿ ನೀರು ಹಿಡಿದಿಡುವ ವಸ್ತು. ಬೇಸಗೆಗೆ ಸರಿ, ಮಳೆಗಾಲಕ್ಕೆ ಬೇಡ. ಹೊರಗೆ ಕುದುರೆ ಹೆಚ್ಚು ಹೊತ್ತು ನಿಲ್ಲುವ ಜಾಗ, ಅಂದರೆ ಗೇಟಿನ ಬಳಿ, ನೀರಿನ ತೊಟ್ಟಿಯ ಸುತ್ತ, ಅರ್ಧ ಅಡಿ ಮಣ್ಣು ತೆಗೆದು ಜಲ್ಲಿ, ಅದರ ಮೇಲೆ ಮರಳು ತುಂಬಿದರೆ ಅರ್ಧ ರೋಗ ಅಲ್ಲೇ ನಿಲ್ಲುತ್ತದೆ. ಕಂಬಳದ ಕೋಣ ಕೆಸರಿನಲ್ಲಿ ಓಡಿಯೂ ಚೆನ್ನಾಗಿರುತ್ತದಲ್ಲ ಎಂಬ ವಾದ ಕೇಳಿಬರುತ್ತದೆ. ಕೋಣ ಓಡುವುದು ಕೆಲವು ಸೆಕೆಂಡು. ಉಳಿದ ಹೊತ್ತು ಒಣ ಕೊಟ್ಟಿಗೆಯಲ್ಲಿ ಉಪಚಾರ ಪಡೆಯುತ್ತದೆ.

ದಿನಕ್ಕೆ ಕನಿಷ್ಠ ಹತ್ತು ಗಂಟೆ ಗೊರಸು ಒಣ ನೆಲದ ಮೇಲಿರಬೇಕು. ಬೀಚಿನಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ಉಪ್ಪು ತೊಳೆದು, ಹಿಮ್ಮಡಿಯ ಮೇಲಿನ ಗುಳಿಯನ್ನು ಬಟ್ಟೆಯಿಂದ ಒರೆಸಿ. ಉಳಿದ ದಿನ ನೀರು ಬೇಡ, ಒಣ ಬ್ರಷ್ ಸಾಕು.

ದಿನದ ಕೆಲಸ, ಕೊಳೆತ, ಕೀವು

ಬೆಳಿಗ್ಗೆ, ಸಂಜೆ ನಾಲ್ಕೂ ಗೊರಸು ಎತ್ತಿ. ಕೊಕ್ಕೆಯನ್ನು ಹಿಮ್ಮಡಿಯಿಂದ ಮುಂತುದಿಯ ಕಡೆಗೆ ಎಳೆಯಿರಿ. ಹಿಂದುಮುಂದಾಗಿ ಎಳೆದರೆ ಅಂಗಾಲಿನ ನಡುವಿನ ಮುಕ್ಕೋನದ ಮೆತ್ತೆಗೆ, ಲಾಳದವರು ಫ್ರಾಗ್ ಎನ್ನುವ ಭಾಗಕ್ಕೆ, ಚುಚ್ಚುತ್ತದೆ. ಅದರ ಎರಡೂ ಬದಿಯ ಕಾಲುವೆ, ಹಿಂದಿನ ನಡುಸೀಳು ಖಾಲಿಯಾಗಬೇಕು. ಆಮೇಲೆ ಮೂಸಿ ನೋಡಿ. ಕಪ್ಪು ಲೋಳೆ, ಕೆಟ್ಟ ನಾತ ಇದ್ದರೆ ಅದು ಥ್ರಶ್ ಎಂಬ ಕೊಳೆತ. ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾ ಇದರ ಮೂಲ, ಹಾಗಾಗಿ ಸೀಳನ್ನು ತೆರೆದು ಒಣಗಿಸುವುದೇ ಮುಖ್ಯ ಚಿಕಿತ್ಸೆ, ಔಷಧ ಆಮೇಲೆ.

ಸತ್ತ ಭಾಗವನ್ನು ಲಾಳ ಕಟ್ಟುವವರಿಂದ ಕೆತ್ತಿಸಿ. ಸೀಳನ್ನು ಒಣ ಬಟ್ಟೆಯಿಂದ ಒರೆಸಿ, ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ಸಡಿಲವಾಗಿ ಒಳಗೆ ಇಡಿ. ದಿನಕ್ಕೊಮ್ಮೆ ಬದಲಿಸಿ, ಹತ್ತು ದಿನ. ಅಡಿಕೆಗೆ ಔಷಧಿ ಬಿಡುವ ಮನೆಯಲ್ಲಿ ಮೈಲುತುತ್ತು ಇದ್ದೇ ಇರುತ್ತದೆ. ಲೀಟರ್ ನೀರಿಗೆ 50 ಗ್ರಾಂ ಕರಗಿಸಿ ಗಟ್ಟಿ ಗೊರಸಿಗೆ, ಫ್ರಾಗಿನ ಮೇಲ್ಮೈಗೆ ವಾರಕ್ಕೆರಡು ಸಲ ಬಳಿಯಬಹುದು. ಪ್ಲಾಸ್ಟಿಕ್ ಬಕೆಟ್ ಬಳಸಿ, ಕಬ್ಬಿಣದ್ದು ತಿಂದುಹೋಗುತ್ತದೆ. ರಕ್ತ ಕಾಣುವ ಹಸಿಗಾಯಕ್ಕೆ ಮೈಲುತುತ್ತು ಹಾಕಬಾರದು, ಬರಿಯ ಹರಳು ತುಂಬಲೇಬಾರದು. ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಅಡಿಕೆ ಮರಕ್ಕೇ ಇರಲಿ. ಗಾಡಿಯ ಹಳೆ ಆಯಿಲ್ ಬಳಿಯುವ ಪದ್ಧತಿ ಪೂರ್ತಿ ಬಿಡಬೇಕು. ತೆಂಗಿನೆಣ್ಣೆಯಿಂದ ಹಾನಿಯಿಲ್ಲ, ಆದರೆ ಒದ್ದೆ ಗೊರಸಿನ ಮೇಲೆ ಬಳಿದರೆ ತೇವ ಒಳಗೇ ಉಳಿಯುತ್ತದೆ.

ನಿನ್ನೆ ಸರಿಯಿದ್ದ ಕುದುರೆ ಇಂದು ಒಂದು ಕಾಲನ್ನು ಊರಲೇ ಒಲ್ಲದಿದ್ದರೆ, ಆ ಒಂದೇ ಗೊರಸು ಬಿಸಿಯಾಗಿದ್ದರೆ, ಒಳಗೆ ಕೀವು ಕಟ್ಟಿರುವ ಸಾಧ್ಯತೆ ಹೆಚ್ಚು. ಮೆದು ಅಂಗಾಲಿನ ಬಿಳಿ ಗೆರೆಯಲ್ಲಿ ಮರಳಿನ ಕಣ ಹೊಕ್ಕು ಶುರುವಾಗುವ ಕೆಲಸ ಇದು. ವೈದ್ಯರೋ ಲಾಳದವರೋ ದಾರಿ ಮಾಡಿ ಕೀವು ಹೊರಡಿಸಬೇಕು. ಅವರು ಬರುವವರೆಗೆ, ಎರಡು ಹಿಡಿ ಬೂಸಾಕ್ಕೆ ಒಂದು ಹಿಡಿ ಎಪ್ಸಮ್ ಉಪ್ಪು, ಕೈ ತಡೆಯುವಷ್ಟು ಬಿಸಿ ನೀರು ಸೇರಿಸಿ ಮುದ್ದೆ ಮಾಡಿ ಅಂಗಾಲಿಗೆ ಮೆತ್ತಿ, ಮಕ್ಕಳ ಡೈಪರ್ ಸುತ್ತಿ, ಮೇಲೆ ಅಗಲ ಟೇಪು ಸುತ್ತಿ. ಟೇಪು ಕೂದಲಿನ ಗೆರೆ ದಾಟಿ ಬಿಗಿಯಬಾರದು. 12 ಗಂಟೆಗೊಮ್ಮೆ ಬದಲಿಸಿ. ಟಿ.ಟಿ. ಚುಚ್ಚುಮದ್ದು ಹಾಕಿಸಿದ ದಿನಾಂಕ ನೋಡಿ; ಧನುರ್ವಾಯು ಕುದುರೆಯನ್ನು ಹಿಡಿಯುವಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಯನ್ನು ಹಿಡಿಯುವುದಿಲ್ಲ. ಕಟ್ಟಡ ಕೆಲಸದ ಮೊಳೆ ಆಳಕ್ಕೆ ಹೊಕ್ಕಿದ್ದರೆ, ಅದು ಎಲ್ಲಿ, ಯಾವ ಕೋನದಲ್ಲಿ ಇತ್ತೆಂದು ಫೋಟೋ ತೆಗೆಯದೆ ಕೀಳಬೇಡಿ. ಫ್ರಾಗಿನ ನಡುಭಾಗಕ್ಕೆ ಹೊಕ್ಕ ಮೊಳೆ ಒಳಗಿನ ಕೀಲಿಗೆ ತಾಗಿರಬಹುದು.

ಲಾಳದವರು ಬರುವ ದಿನ

ಲಾಳ ಕಟ್ಟಿದ ಕುದುರೆಗೆ 4ರಿಂದ 6 ವಾರಕ್ಕೊಮ್ಮೆ, ಬರಿಗಾಲಿಗೆ 6ರಿಂದ 8 ವಾರಕ್ಕೊಮ್ಮೆ ಕೈ ಹಾಕಿಸಬೇಕು. ಕರಾವಳಿಯಲ್ಲಿ ಈ ಕೆಲಸ ಬಲ್ಲವರು ಬೆರಳೆಣಿಕೆಯಷ್ಟು. ಹೆಚ್ಚಿನವರು ಬೆಂಗಳೂರು, ಮೈಸೂರಿನಿಂದ ಕರೆಸುತ್ತಾರೆ. ಒಬ್ಬರೇ ಕರೆಸಿದರೆ ಪ್ರಯಾಣದ ಖರ್ಚೇ ಹೆಚ್ಚು, ಹಾಗಾಗಿ ಮುಂದೂಡುವ ಚಾಳಿ ಬರುತ್ತದೆ. ಹತ್ತು ವಾರ ದಾಟಿದ ಗೊರಸಿನ ಮುಂತುದಿ ಉದ್ದವಾಗಿ, ಹಿಮ್ಮಡಿ ಮುಂದಕ್ಕೆ ಜಾರಿ, ಹಿಂಭಾಗದ ಸ್ನಾಯುರಜ್ಜುವಿನ ಮೇಲೆ ಎಳೆತ ಬೀಳುತ್ತದೆ. ಐದಾರು ಕುದುರೆಯವರು ಸೇರಿ ವರ್ಷದ ದಿನಾಂಕಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಒಂದು ಸರದಿ ಮೇ ಕೊನೆಯ ವಾರಕ್ಕೆ ಬರಲೇಬೇಕು, ಮಳೆ ಹಿಡಿಯುವ ಮೊದಲು.

ಕೆಲಸ ಮುಗಿದ ಮೇಲೆ ಪಕ್ಕದಿಂದ ನೋಡಿ: ಗೊರಸಿನ ಮುಂಗೋಡೆಯ ಓರೆಯೂ ಅದರ ಮೇಲಿನ ಗಿಣ್ಣಿನ ಓರೆಯೂ ಒಂದೇ ಗೆರೆಯಲ್ಲಿರಬೇಕು. ಹಿಂದಿನಿಂದ ನೋಡಿದರೆ ಎರಡು ಹಿಮ್ಮಡಿ ಸಮ ಎತ್ತರ. ಫ್ರಾಗನ್ನು ಚೆಂದಕ್ಕಾಗಿ ಕೆತ್ತಿ ತೆಳುಮಾಡಲು ಬಿಡಬೇಡಿ. ಸತ್ತ ಚೂರು ಮಾತ್ರ ಹೋಗಲಿ. ಗೋಡೆಯ ಹೊರಮೈಗೆ ಮೇಲಿಂದ ಕೆಳಗೆ ಅರ ಹಾಕಿ ಹೊಳಪು ತರಿಸುವುದೂ ಬೇಡ, ನೀರು ತಡೆಯುವ ಪದರ ಅದೇ. ಬಂದ ದಿನವೇ ಗೊರಸಿನ ಸುತ್ತಳತೆ, ಆ ವಾರದ ಮೈತೂಕ, ಎರಡನ್ನೂ ಅವರ ಎದುರಿಗೇ ಪುಸ್ತಕದಲ್ಲಿ ಬರೆದು, 5.5ರ ಲೆಕ್ಕ ಹಾಕಿ ತೋರಿಸಿ. ಲಾಳದ ಅಗಲ, ಮೊಳೆಯ ದಪ್ಪ ಅವರು ಆರಿಸುವುದು ಅದನ್ನು ನೋಡಿಯೇ.